ತತ್ತ್ವಶಾಸ್ತ್ರದ ಮೇಷ್ಟ್ರನ್ನು ಕೇಳಿ: ಭಾವನಾವಾದ

ನಿರ್ವಾಹಕರು: ಮೈಸೂರಿನಲ್ಲಿ ತತ್ತ್ವಶಾಸ್ತ್ರ ಕಲಿಸಿ ನಿವೃತ್ತರಾದ ನಮ್ಮ ಮೇಷ್ಟ್ರು ಇಂದು ಐಡಿಯಲಿಸಂ, ಅಂದರೆ ಭಾವನಾವಾದದ ಬಗ್ಗೆ ಉತ್ತರಿಸುತ್ತಾರೆ.

ಸರಸ್ವತಿಪುರಂ ಸದಸ್ಯ: ಸರ್, ಏನಿದು ವಾದ?

ಮೇಷ್ಟ್ರು: ಇರುವುದೆಲ್ಲಕ್ಕೂ ಮನಸ್ಸು ಅಥವಾ ಚೈತನ್ಯವೇ ಆಧಾರ ಎನ್ನುವುದು ಒಂದು ಬಗೆ, ಐರ್ಲೆಂಡಿನ ತತ್ತ್ವಜ್ಞಾನಿ ಬರ್ಕ್ಲಿ 1710ರಲ್ಲಿ ಹೇಳಿದ್ದು. ನಾವು ಅರಿಯುವ ಜಗತ್ತು ನಮ್ಮ ಅರಿವಿನ ಕಟ್ಟಿನೊಳಗೇ ರೂಪುಗೊಳ್ಳುತ್ತದೆ ಎನ್ನುವುದು ಇನ್ನೊಂದು, ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1781ರಲ್ಲಿ ಹೇಳಿದ್ದು.

ಮದ್ದೂರಿನ ಸದಸ್ಯ: ಹಾಗಾದರೆ ಜಗತ್ತು ಸುಳ್ಳೇ?

ಮೇಷ್ಟ್ರು: ಅಲ್ಲ.

ಮಂಡ್ಯದ ಸದಸ್ಯೆ: ಮೇಷ್ಟ್ರೇ, ನಮ್ಮ ಅಣ್ಣನಿಗೆ ಸಕ್ಕರೆ ಕಾಯಿಲೆ. ‘ದೇಹ ಮನಸ್ಸಿನ ಕಲ್ಪನೆ, ರೋಗವಿಲ್ಲವೆಂದು ಭಾವಿಸಿದರೆ ರೋಗವಿಲ್ಲ, ಬರ್ಕ್ಲಿಯೇ ಹೇಳಿದ್ದಾನೆ’ ಎಂಬ ಸಂದೇಶ ಓದಿ ನಿನ್ನೆಯಿಂದ ಇನ್ಸುಲಿನ್ ನಿಲ್ಲಿಸಿದ್ದಾರೆ. ಏನು ಹೇಳಲಿ?

ಮೇಷ್ಟ್ರು: ಅಮ್ಮಾ, ವಾದ ಆಮೇಲೆ. ಈಗಲೇ ವೈದ್ಯರ ಬಳಿ ಕರೆದೊಯ್ಯಿರಿ. ಇನ್ಸುಲಿನ್ ಬಿಟ್ಟರೆ ಪ್ರಾಣಕ್ಕೇ ಅಪಾಯ. ವಾಂತಿ, ಏದುಸಿರು, ಮಂಪರು ಕಂಡರೆ ನೇರವಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.

ದಾರಿಯಲ್ಲಿ ಅವರಿಗೆ ಇದನ್ನು ಓದಿ ಹೇಳಿ. ಕಣ್ಣು ತೆರೆದಾಗ ಏನು ಕಾಣಬೇಕೆಂಬುದು ನಮ್ಮ ಇಚ್ಛೆಗೆ ಬಿಟ್ಟದ್ದಲ್ಲ ಎಂದು ಬರ್ಕ್ಲಿ ಸ್ಪಷ್ಟವಾಗಿ ಬರೆದಿದ್ದಾನೆ. ನೋವು, ಬೆಂಕಿ, ಜ್ವರ ಅವನಿಗೆ ನಿಜವೇ. ಅವು ಮನಸ್ಸಿನಾಚೆಯ ಜಡವಸ್ತುವಿನಿಂದ ಬರುವುದಿಲ್ಲ, ದೇವರ ಇಚ್ಛೆಯಿಂದ ಬರುತ್ತವೆ ಎಂಬುದಷ್ಟೇ ಅವನ ವಾದ. ರೋಗ ಕಲ್ಪನೆಯೆಂದಿದ್ದರೆ 1744ರಲ್ಲಿ ಟಾರು ಬೆರೆಸಿದ ನೀರನ್ನು ಔಷಧಿಯೆಂದು ಹೊಗಳಿ ಇಡೀ ಪುಸ್ತಕ ಏಕೆ ಬರೆಯುತ್ತಿದ್ದ? (ಆ ನೀರಿನಿಂದ ಯಾವ ಕಾಯಿಲೆಯೂ ವಾಸಿಯಾಗದು. ದಯವಿಟ್ಟು ಇದನ್ನೂ ಮನೆಮದ್ದೆಂದು ಹಂಚಬೇಡಿ.)

ಅಣ್ಣನಿಗೆ ಶಂಕರರಲ್ಲಿ ಶ್ರದ್ಧೆಯಿದ್ದರೆ, ಅರಿವಷ್ಟೇ ಇದೆ, ಹೊರವಸ್ತುವಿಲ್ಲ ಎನ್ನುವ ಬೌದ್ಧ ವಿಜ್ಞಾನವಾದವನ್ನು ಅವರು ಖಂಡಿಸಿದ ಬಗೆ ತಿಳಿಸಿ. ಹೊರಗೆ ಕಾಣುವ ವಸ್ತು ಇಲ್ಲವೆನ್ನುವವನು, ಊಟ ಮಾಡಿ ತೃಪ್ತಿ ಪಡುತ್ತಲೇ ನಾನು ಉಣ್ಣುತ್ತಿಲ್ಲ ಎನ್ನುವವನಂತೆ ಎಂದು ಬ್ರಹ್ಮಸೂತ್ರ ಭಾಷ್ಯದಲ್ಲಿ ಬರೆದಿದ್ದಾರೆ.

ಮೇಲುಕೋಟೆಯ ಸದಸ್ಯ: ಜಗತ್ತನ್ನು ಮಿಥ್ಯೆ ಎಂದವರೂ ಅವರೇ ಅಲ್ಲವೇ? ಜಗತ್ತು ಪರಮಾತ್ಮನ ಶರೀರ, ಸತ್ಯ ಎಂದವರು ರಾಮಾನುಜರು.

ಕುವೆಂಪುನಗರದ ಸದಸ್ಯ: ಮಿಥ್ಯೆ ಎಂದರೆ ಶೂನ್ಯವಲ್ಲ. ಭಾಷ್ಯ ಓದಿ ಮಾತನಾಡಿ.

ಮೇಲುಕೋಟೆಯ ಸದಸ್ಯ: ಓದಿಯೇ ಹೇಳುತ್ತಿದ್ದೇನೆ. ನೀವು ರಾಮಾನುಜರ ಶ್ರೀಭಾಷ್ಯದ ಮುಖ ನೋಡಿದ್ದೀರಾ?

ಮಂಡ್ಯದ ಸದಸ್ಯೆ: ಹೊರಟಿದ್ದೇವೆ. ಅಣ್ಣ ಬರುತ್ತಿದ್ದಾರೆ.

ಮೇಷ್ಟ್ರು: ಒಳ್ಳೆಯದು. ವೈದ್ಯರು ಏನೆಂದರೆಂದು ಬರೆಯಿರಿ.

ಹೆಬ್ಬಾಳದ ಸದಸ್ಯ: ಕ್ವಾಂಟಂ ವಿಜ್ಞಾನವೂ ಮನಸ್ಸೇ ಜಗತ್ತನ್ನು ಸೃಷ್ಟಿಸುತ್ತದೆ ಎಂದು ಸಾಬೀತು ಮಾಡಿದೆ. ಎಲ್ಲರಿಗೂ ಹಂಚಿ.

ಮೇಷ್ಟ್ರು: ಮಾಡಿಲ್ಲ. ಆ ಪ್ರಯೋಗಗಳಲ್ಲಿ ಅಳೆಯುವುದು ಉಪಕರಣ. ಮೇಲೆ ಒಬ್ಬರ ಜೀವದ ಪ್ರಶ್ನೆ ಇರುವಾಗ ಇದನ್ನು ಹಂಚುತ್ತಿದ್ದೀರಿ. ಅಳಿಸಿ.

ಶ್ರೀರಂಗಪಟ್ಟಣದ ಸದಸ್ಯೆ: ಈ ವಾದದ ಪ್ರಭಾವ ಈಗಲೂ ಇದೆಯೇ?

ಮೇಷ್ಟ್ರು: ಧಾರಾಳವಾಗಿ. ಚೈತನ್ಯವು ವಿರೋಧ, ಅದರ ಮೀರುವಿಕೆ, ಮತ್ತೆ ವಿರೋಧ ಎಂದು ಸಾಗುತ್ತದೆ ಎಂದ ಜರ್ಮನಿಯ ಭಾವನಾವಾದಿ ಹೆಗೆಲ್. ಆ ಚಲನೆಯನ್ನು ಮಾರ್ಕ್ಸ್ ಚೈತನ್ಯದಿಂದ ಕಿತ್ತು ದುಡಿಮೆಯ ನೆಲಕ್ಕೆ ತಂದ. ಆಕ್ಸ್‌ಫರ್ಡಿನ ಭಾವನಾವಾದಿ ಗ್ರೀನ್, ಒಳ್ಳೆಯ ಬಾಳಿಗಿರುವ ಅಡ್ಡಿಗಳನ್ನು ತೆಗೆಯುವುದು ರಾಜ್ಯದ ಕೆಲಸ ಎಂದ. ಬ್ರಿಟನ್ನಿನ ಸಮಾಜ ಸುಧಾರಕರು ಅದರಿಂದ ಬಲ ಪಡೆದರು. 1903ರಲ್ಲಿ ಕೇಂಬ್ರಿಡ್ಜಿನ ತತ್ತ್ವಜ್ಞಾನಿ ಮೂರ್ ಭಾವನಾವಾದದ ಖಂಡನೆಯನ್ನೇ ಬರೆದ. ಇಂಗ್ಲಿಷ್ ತತ್ತ್ವಶಾಸ್ತ್ರದ ದಿಕ್ಕು ಬದಲಾದದ್ದೂ ಈ ಜಗಳದಿಂದಲೇ. ನಮ್ಮ ಮಹಾರಾಜ ಕಾಲೇಜಿನಲ್ಲಿ 1918ರಿಂದ 1921ರವರೆಗೆ ಪಾಠ ಮಾಡಿದ ರಾಧಾಕೃಷ್ಣನ್, 1932ರಲ್ಲಿ ಪ್ರಕಟಿಸಿದ ಕೃತಿಯ ಹೆಸರಿನಲ್ಲೇ ತಮ್ಮ ಜೀವನದೃಷ್ಟಿ ಐಡಿಯಲಿಸ್ಟ್ ಎಂದು ಸಾರಿದರು.

ನಂಜನಗೂಡಿನ ಸದಸ್ಯ: ಪರೀಕ್ಷೆಗೆ ಟಿಪ್ಪಣಿ ಸಿಗುತ್ತದೆಯೇ ಸರ್? ಪ್ಲೇಟೋ ಕೂಡ ಭಾವನಾವಾದಿಯೇ?

ಕುವೆಂಪುನಗರದ ಸದಸ್ಯ: ಮೇಲುಕೋಟೆಯವರು ಇನ್ನೂ ಉತ್ತರಿಸಿಲ್ಲ.

ಮೇಲುಕೋಟೆಯ ಸದಸ್ಯ: ನಿಮಗೆ ಉತ್ತರಿಸುವ ಅಗತ್ಯವಿಲ್ಲ.

ಮದ್ದೂರಿನ ಸದಸ್ಯ: ಕೊನೆಗೆ ಜಗತ್ತು ಇದೆಯೋ ಇಲ್ಲವೋ?

ಮೇಷ್ಟ್ರು: ಇದೆ. ಮೇಲೆಯೇ ಬರೆದಿದ್ದೇನೆ, ಓದಿ.