ಸೆಂಟ್ರಿಫ್ಯೂಜಿನ "ಬ್ಯಾಲೆನ್ಸ್ ಟ್ಯೂಬ್"ಗೆ ಪಾಸಂಗ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಶಿರಸಿಯ ಒಂದು ಸಣ್ಣ ರಕ್ತಪರೀಕ್ಷೆ ಲ್ಯಾಬಿನವರು ಸೆಂಟ್ರಿಫ್ಯೂಜ್ (ಸುತ್ತಲೂ ಇರೋ ತೂತುಗಳಲ್ಲಿ ರಕ್ತದ ಟ್ಯೂಬ್ ಇಟ್ಟು, ಜೋರಾಗಿ ತಿರುಗಿಸಿ ರಕ್ತಕಣ ಬೇರೆ ಮಾಡೋ ಮಷೀನು) ಪಕ್ಕ ಗೋಡೆಗೆ ಅಂಟಿಸೋಕೆ ಕನ್ನಡದಲ್ಲಿ ಒಂದು ಸೂಚನೆ ಹಾಳೆ ಬರೆದುಕೊಡಿ ಅಂದಿದಾರೆ, ಹೊಸದಾಗಿ ಸೇರಿದ ಹುಡುಗ್ರು ಓದ್ಬೇಕು. ಮಷೀನಿನ ಹೆಸರಿಗೆ ನನ್ನ ತಕರಾರಿಲ್ಲ, ಕೇಂದ್ರಾಪಗಾಮಿ ಯಂತ್ರ ಅಂತ ಬರೆದ್ರೆ ಯಾರೂ ಮುಂದಿನ ಸಾಲಿಗೆ ಹೋಗಲ್ಲ, ಸೆಂಟ್ರಿಫ್ಯೂಜ್ ಅಂತಲೇ ಇರ್ಲಿ. ತೊಡಕಿರೋದು ಸಣ್ಣ ಸಣ್ಣ ಮಾತಲ್ಲಿ.

"ಟ್ಯೂಬ್ ಸಮ ಮಾಡಿ ಇಡಿ" ಅಂತ ಬರೆದೆ ಅನ್ಕೊಳ್ಳಿ. ಸಮ ಅಂದ ಕೂಡ್ಲೇ ಜನ ಮಟ್ಟ ನೋಡ್ತಾರೆ, ಎರಡ್ರಲ್ಲೂ ಒಂದೇ ಗೆರೆವರೆಗೆ ಇದ್ಯಾ, ಆಯ್ತು. ಬೇಕಾಗಿರೋದು ತೂಕ ಮಾರಾಯ್ರೆ! ಒಂದೇ ಸ್ಯಾಂಪಲ್ ಇದ್ದಾಗ ಎದುರಿನ ತೂತಿಗೆ ನೀರು ತುಂಬಿದ ಟ್ಯೂಬ್ ಇಡ್ತಾರಲ್ಲ, ರಕ್ತ ನೀರಿಗಿಂತ ಸ್ವಲ್ಪ ಭಾರ, ಹಾಗಾಗಿ ಮಟ್ಟ ಒಂದೇ ಇದ್ರೂ ತೂಕ ಒಂದೇ ಆಗಲ್ಲ, ಇನ್ನು ಒಂದು ಗಾಜಿಂದು ಒಂದು ಪ್ಲಾಸ್ಟಿಕ್ಕಿಂದು ಆದ್ರಂತೂ ಕೇಳೋದೇ ಬೇಡ. 10 ಸೆಂ.ಮೀ. ತ್ರಿಜ್ಯದಲ್ಲಿ 3000 ಆರ್‌ಪಿಎಂ (ನಿಮಿಷಕ್ಕೆ 3000 ಸುತ್ತು) ತಿರುಗಿದ್ರೆ ಸುಮಾರು 1000 ಜಿ, ಭೂಮಿ ಎಳೆಯೋದರ ಸಾವಿರ ಪಟ್ಟು, ಅಂದ್ರೆ 1 ಗ್ರಾಂ ವ್ಯತ್ಯಾಸ ಇದ್ರೆ ಸುಮಾರು 1 ಕೆಜಿ ಭಾರ ಒಂದೇ ಬದಿಗೆ ಜಗ್ಗಿದ ಹಾಗೆ. ಮಷೀನು ಗಡಗಡ ಅಂತ ಟೇಬಲ್ ಮೇಲೆ ನಡೆಯೋಕೆ ಶುರುಮಾಡೋದು ಇದಕ್ಕೇ.

ಈ ನೀರಿನ ಟ್ಯೂಬೇ ಬ್ಯಾಲೆನ್ಸ್ ಟ್ಯೂಬ್, ಲ್ಯಾಬಲ್ಲಿ ಇದಕ್ಕೆ ಡಮ್ಮಿ ಅಂತಾರೆ. ಡಮ್ಮಿ ಅಂದ್ರೆ ಲೆಕ್ಕಕ್ಕಿಲ್ಲದ್ದು ಅನ್ನೋ ಭಾವ ಬರುತ್ತೆ, ಇಲ್ಲಿ ಅದೇ ಮುಖ್ಯ. ತಕ್ಕಡಿ ತಟ್ಟೆ ಸರಿದೂಗಿಸೋಕೆ ಕಟ್ಟೋ ಚೂರಿಗೆ ಹಳಬರು ಪಾಸಂಗ ಅಂತಿದ್ರಲ್ಲ, "ಅವನ ಪಾಸಂಗಕ್ಕೂ ಬರಲ್ಲ" ಅಂತ ಬೈಯೋವಾಗ ಈಗ್ಲೂ ಕೇಳುತ್ತೆ. "ಪಾಸಂಗದ ಟ್ಯೂಬ್" ಅಂತ ಬರೆದ್ರೆ ತೂಕದ ನೆನಪು ತಾನಾಗೇ ಬರುತ್ತೆ ಅಂತ ನನ್ನ ಅನಿಸಿಕೆ. ಆದ್ರೆ ಇಪ್ಪತ್ತರ ಹುಡುಗ್ರಿಗೆ ಡಿಜಿಟಲ್ ಕಾಟಾ ಬಿಟ್ರೆ ಬೇರೆ ಗೊತ್ತಿಲ್ಲ, ಅರ್ಥ ಆಗುತ್ತಾ?

ಇನ್ನು "ಎದುರಿಗೆ ಇಡಿ". ತನ್ನ ಎದುರಿಗೆ ಅಂತಲೂ ಓದ್ಬಹುದು. ಸದ್ಯಕ್ಕೆ "ಎದುರುಬದುರು, 8 ತೂತಿನದ್ರಲ್ಲಿ 1ಕ್ಕೆ 5, 2ಕ್ಕೆ 6" ಅಂತ ಅಂಕಿ ಹಾಕಿದೀನಿ. (6 ತೂತಿನದ್ರಲ್ಲಿ ಒಂದೇ ತೂಕದ ಮೂರು ಟ್ಯೂಬನ್ನ 1, 3, 5ರಲ್ಲಿ ಇಟ್ರೂ ಸರಿಹೋಗುತ್ತೆ, ಅದನ್ನ ಬರೆದ್ರೆ ಗೊಂದಲ, ಬಿಟ್ಟೆ.)

ಕೊನೇದು "ಮಷೀನ್ ನಿಲ್ಲಿಸಿ ಮುಚ್ಚಳ ತೆಗೀರಿ". ಇದು ಅಪಾಯ. ಸ್ವಿಚ್ ಆರಿಸಿದ್ರೂ ನಿಲ್ಲಿಸಿದ ಹಾಗೇ ಅಲ್ವಾ, ಒಳಗೆ ರೋಟರ್ (ಟ್ಯೂಬ್ ಹಿಡಿದು ತಿರುಗೋ ಭಾಗ) ತಿರುಗ್ತಾನೇ ಇರುತ್ತೆ, ಹಳೇ ಮಷೀನಿಗೆ ಲಾಕ್ ಇರಲ್ಲ, ಕೈ ಹಾಕಿ ತಡೆಯೋರೂ ಇದಾರೆ. "ತಾನಾಗಿ ಪೂರ್ತಿ ನಿಂತ ಮೇಲೆ" ಅಂತ ಬದಲಾಯಿಸಿದೆ. ಒಳಗೆ ಟ್ಯೂಬ್ ಒಡೆದ ಸದ್ದು ಬಂದ್ರೆ ಆರಿಸಿ 30 ನಿಮಿಷ ಮುಚ್ಚಳ ಮುಟ್ಟೋದೇ ಬೇಡ, ಗಾಳಿಯಲ್ಲಿ ತೇಲೋ ಹನಿ ಕೂರ್ಬೇಕು. ಆ ಸಣ್ಣ ಹನಿಗೆ ತುಂತುರು ಅನ್ನೋಕೆ ಮನಸ್ಸಿಲ್ಲ, ಮಳೆ ಥರ ಕೇಳುತ್ತೆ, ಬೇರೆ ಪದ ಇದ್ರೆ ಹೇಳಿ.

ಕಾರವಾರ, ಅಂಕೋಲಾ ಕಡೆಯವರು ಇದ್ರೆ ಇನ್ನೊಂದು, ಮೀನುಪೇಟೇಲಿ ತಕ್ಕಡಿ ಸರಿದೂಗಿಸೋ ಕಲ್ಲಿಗೆ ನಿಮ್ಮಲ್ಲಿ ಎಂತ ಹೇಳ್ತಾರೆ?