ಡಂಪ್ ಇಳಿಜಾರು ಪಾಸಂತೆ, ಕೆಸರು ಮಾತ್ರ ನಮ್ಮ ಗೇಟಿಗೆ

ಮನೆ 14 (ರಾತ್ರಿ 2:40)
ಯಾರಾದ್ರೂ ಎದ್ದಿದೀರಾ? ಪಾದ ಮುಳುಗೋಷ್ಟು ಕೆಸರು ಗೇಟಿನೊಳಗೆ. ಅದೇ ಹಳೇ ಜಾಗದಿಂದ, ಗಣಿ ತ್ಯಾಜ್ಯ ಸುರಿದ ಗುಡ್ಡೆ (ಡಂಪ್) ಇದೆಯಲ್ಲ, ಅದರ ಎರಡನೇ ಮೆಟ್ಟಿಲ ಕೆಳಗಿಂದ. ಹೋದ ತಿಂಗಳು ತಾನೇ "ಹಸಿರು ಹೊದಿಕೆ ಶೇ. 72, ತೃಪ್ತಿಕರ" ಅಂತ ವರದಿ ಬಂತಲ್ಲ? ಆ 72 ಎಲ್ಲಿದೆ, ಬಂದು ತೋರಿಸ್ಲಿ. ಡಂಪಿಗೆ ಹಸಿರು ಹಿಡಿಸ್ತೀವಿ ಅಂತ ಗಣಿಯವರು ಇಟ್ಟ ಠೇವಣಿ ವಾಪಸ್ ಹೋಗೋಕೆ ಮುಂಚೆ ನಮ್ಮ ಆಕ್ಷೇಪಣೆ ಹೋಗ್ಲೇಬೇಕು.

ಮೇಲಿನ ಸಾಲು 3
ಬಾಯಿ ಬಡ್ಕೊಂಡು ಸಾಕಾಯ್ತು. ಹುಲ್ಲಲ್ಲ ರೀ, ಮರ ಬೇಕು, ಮರ! ಭಾನುವಾರ 500 ಸಸಿ, ಒಂದು ಟ್ಯಾಂಕರ್ ನೀರು. ಮುಗೀತು ಕಥೆ.

ಮನೆ 22
72 ಸುಳ್ಳಿರಲಿಕ್ಕಿಲ್ಲ, ತಕರಾರು ಇರೋದೇ ಅಲ್ಲಿ. ಅದು ಸರಾಸರಿ. ಇಳಿಜಾರಲ್ಲಿ ಟೇಪ್ ಎಳೆದು ಹತ್ತು ಸಾಲು ಅಳೆದು ಒಂಬತ್ತರಲ್ಲಿ ಶೇ. 80, ಒಂದರಲ್ಲಿ ಸೊನ್ನೆ ಬಂದ್ರೂ ಸರಾಸರಿ 72ನೇ. ನೀರಿಗೆ ಸರಾಸರಿ ಗೊತ್ತಿಲ್ಲ, ಆ ಸೊನ್ನೆ ಸಾಲು ಹಿಡ್ಕೊಂಡೇ ಇಳಿಯುತ್ತೆ. ಮೇಲಾಗಿ ಅಳೆದಿದ್ದು ಮಳೆ ನಿಂತ ಎರಡೇ ವಾರಕ್ಕೆ. ಆಗ ಒಂದೇ ಋತು ಬಾಳೋ ಕಳೆಯೂ ಲೆಕ್ಕಕ್ಕೆ ಬಿತ್ತು. ಬೇಸಿಗೆಗೆ ಅದು ಒಣಗಿ ಹೋಗುತ್ತೆ, ಮೊದಲ ಮಳೆಗೆ ಮಣ್ಣು ಬೋಳು.

ಮನೆ 9
ಫಾರ್ವರ್ಡ್: ಮರ ನಮಗೆ ಏನೇನು ಕೊಡುತ್ತೆ ಗೊತ್ತೇ? ಹತ್ತು ಜನಕ್ಕೆ ಕಳಿಸಿ, ಶುಭ ಸುದ್ದಿ ಬರುತ್ತೆ.

ಮನೆ 14
ಮೇಡಂ, ಸಲಿಕೆ ಹಿಡ್ಕೊಂಡು ನಿಂತಿದೀನಿ. ಈಗ ಬೇಡ.

ಮನೆ 22
ಆಕ್ಷೇಪಣೆಯಲ್ಲಿ ಬರೆಯಬೇಕಾದ್ದು: "ಪಾಸ್" ಅಂದ್ರೆ ಏನು ಅಂತ ಮೊದಲು ಹೇಳಿ, ಆಮೇಲೆ ಅಳೀರಿ. ಗಣಿ ಮುಟ್ಟದ, ಅದೇ ಥರದ ಮಣ್ಣು, ಇಳಿಜಾರು, ದಿಕ್ಕು ಇರೋ ಒಂದು ಹೋಲಿಕೆ ತಾಕು ಗುರುತಿಸಬೇಕು. ಎರಡನ್ನೂ ಒಂದೇ ವಾರದಲ್ಲಿ, ಒಂದೇ ವಿಧಾನದಲ್ಲಿ ಅಳೀಬೇಕು. ಅಮೆರಿಕದಲ್ಲಿ ಕಲ್ಲಿದ್ದಲು ಗಣಿಗಳಿಗೆ 1977ರ ಕಾಯ್ದೆ ಇದೆ. ಅದರ ನಿಯಮದಲ್ಲಿ ಹೊದಿಕೆ ಮಾನದಂಡದ ಶೇ. 90ಕ್ಕೆ ಕಮ್ಮಿ ಇರಬಾರದು, ಅದೂ ಶೇ. 90 ಸಂಖ್ಯಾಶಾಸ್ತ್ರೀಯ ಭರವಸೆಯೊಂದಿಗೆ. ಹೋಲಿಕೆ ತಾಕು 70 ಇದ್ರೆ ಡಂಪಿನಲ್ಲಿ 63 ಬೇಕು.

ಅಳತೆ ಕಷ್ಟ ಏನಲ್ಲ. 50 ಮೀಟರ್ ಟೇಪ್ ಎಳೀರಿ, ಪ್ರತಿ 50 ಸೆಂಟಿಮೀಟರಿಗೆ ತೆಳು ಕಡ್ಡಿ ನೇರ ಇಳಿಸಿ, ಮೊದಲು ತಾಗಿದ್ದನ್ನ ಬರ್ಕೊಳ್ಳಿ: ಬಹುವಾರ್ಷಿಕ ಗಿಡ, ಒಂದೇ ಋತುವಿನದು, ತರಗು, ಕಲ್ಲು, ಬರಿ ಮಣ್ಣು. ನೂರು ಬಿಂದು, ಹಾಗಾಗಿ ಎಣಿಕೆಯೇ ಶೇಕಡಾ. ಸಾಲು ಎಲ್ಲಿ ಶುರು ಅಂತ ಚೀಟಿ ಎತ್ತಿ ನಿರ್ಧರಿಸಿ. ಕಣ್ಣಿಗೆ ಚೆನ್ನಾಗಿ ಕಂಡ ಕಡೆ ಟೇಪ್ ಬಿಡೋದೇ ಎಲ್ಲ ವರದಿಗಳ ರೋಗ.

ಮೇಲಿನ ಸಾಲು 3
ಎಷ್ಟು ಸಾಲು? ಸುಮ್ನೆ ಕಾಲಹರಣ.

ಮನೆ 22
ಏರುಪೇರು ನೋಡಿ ಲೆಕ್ಕ. ಸರಾಸರಿ 60, ವಿಚಲನೆ (ಸಾಲಿಂದ ಸಾಲಿಗೆ ಏರುಪೇರು) 18 ಇದ್ದು, ಹತ್ತನೇ ಒಂದು ಪಾಲು (ಅಂದ್ರೆ 6) ತಪ್ಪು ಒಪ್ಪೋದಾದ್ರೆ: 1.34 × 18 ÷ 6, ಅದರ ವರ್ಗ 16ಕ್ಕಿಂತ ಚೂರು ಜಾಸ್ತಿ (1.34 ಅನ್ನೋದು ಆ ಶೇ. 90 ಭರವಸೆಗೆ ಕೋಷ್ಟಕದಲ್ಲಿರೋ ಗುಣಕ). ಹದಿನೇಳು ಸಾಲು ಹಾಕಿ. ಅವರು ಹಾಕಿದ್ದು ಹತ್ತು.

ಮನೆ 7
ಎಲ್ಲಾ ಸರಿ, ಮನೆ 5ರವರು ಕಾರಿಗೆ ರ್‍ಯಾಂಪ್ ಮಾಡಿ ಚರಂಡಿ ಮುಚ್ಚಿದಾರಲ್ಲ, ಅದು?

ಮನೆ 5
ಕೆಸರು ಬಂದಿದ್ದು ಡಂಪಿಂದ. ನಿಮ್ಮ ಮೇಕೆಗಳು ಅಲ್ಲಿ ಮೇಯೋದು ಯಾರಿಗೂ ಕಾಣಲ್ವಾ?

ಮನೆ 7
ಎರಡೇ ಮೇಕೆ ಸ್ವಾಮಿ.

ಕೊನೇ ಮನೆ
ಮೇಕೆ ಪಾಪದ್ದು, ಮೊದಲು ಮಣ್ಣು ನೋಡಿ. ಡಂಪರ್ ಓಡಾಡಿ ಗಟ್ಟಿಯಾದ ಜಾಗದಲ್ಲಿ ಘನ ಸೆಂಟಿಮೀಟರಿಗೆ 1.7 ಗ್ರಾಂ ತೂಗಿದ್ರೆ ಬೇರು ಇಳಿಯೋದು ಕಷ್ಟ. ಎತ್ತರ-ರೇಖೆ ಹಿಡಿದು 60 ಸೆಂಟಿಮೀಟರಾದ್ರೂ ಸೀಳಬೇಕು, ಇಳಿಜಾರಿನುದ್ದಕ್ಕೆ ಸೀಳಿದ್ರೆ ನೀವೇ ಕಾಲುವೆ ತೋಡಿದ ಹಾಗೆ. ಪೈರೈಟ್ (ಕಬ್ಬಿಣ-ಗಂಧಕದ ಖನಿಜ) ಇರೋ ಕಲ್ಲುಮಣ್ಣು ಗಾಳಿ, ನೀರು ತಾಗಿ ಆಮ್ಲ ಬಿಡುತ್ತೆ. ಮೊದಲು ಸುಣ್ಣ ಹಾಕಿ ಚೆನ್ನಾಗಿದ್ದ ಗಿಡ ಸುಣ್ಣ ತೀರಿದ ಮೇಲೆ ಹಳದಿಯಾಗುತ್ತೆ. ಅದಕ್ಕೇ ಒಂದೇ ವರ್ಷದ ಅಳತೆ ಸಾಲದು.

ಮೇಲಿನ ಸಾಲು 3
ಹಾಗಾದ್ರೆ 500 ಸಸಿ ಬೇಡ್ವಾ? ನಾನು ಟ್ಯಾಂಕರಿಗೆ ಹೇಳಿಯಾಯ್ತು!

ಮನೆ 22
ಸರ್, ಅಲ್ಲೇ ಎಡವೋದು. ಆ ಅಮೆರಿಕದ ನಿಯಮದಲ್ಲೇ ಜವಾಬ್ದಾರಿ ಅವಧಿ ಇದೆ: ವರ್ಷಕ್ಕೆ 26 ಇಂಚಿಗಿಂತ ಹೆಚ್ಚು ಮಳೆ ಬೀಳೋ ಕಡೆ 5 ವರ್ಷ, ಉಳಿದ ಕಡೆ 10. ಕೊನೇ ಸಲ ಬೀಜ, ಗೊಬ್ಬರ, ನೀರು ಕೊಟ್ಟ ವರ್ಷದ ನಂತರವೇ ಗಡಿಯಾರ ಶುರು. ಆ ಲೆಕ್ಕ ಇಲ್ಲೂ ಹಿಡಿಯೋದೇ ಸರಿ. ನಾವು ಟ್ಯಾಂಕರ್ ತಂದು ಹಸಿರು ಮಾಡಿಕೊಟ್ರೆ ಅವರ ಅಳತೆಗೆ ನಾವೇ ಅಂಕ ಹಾಕಿದಂಗೆ. ನೆಡೋದಾದ್ರೂ ದಟ್ಟ ಹುಲ್ಲಿನ ನಡುವೆ ಬೇಡ, ಹುಲ್ಲು ನೀರು, ಬೆಳಕು ಕಸಿದು ಸಸಿ ಸಾಯಿಸುತ್ತೆ. ಎಣಿಸೋಕೆ ನಡುವೆ ಗೂಟಕ್ಕೆ ಕಟ್ಟಿದ 5.64 ಮೀಟರ್ ಹಗ್ಗ ಸುತ್ತಿಸಿದ್ರೆ 100 ಚದರ ಮೀಟರ್. ಒಳಗೆ 12 ಗಿಡ ಬದುಕಿದ್ರೆ ಹೆಕ್ಟೇರಿಗೆ 1,200. ನೆಟ್ಟದ್ದಲ್ಲ, ಎರಡು ಬೆಳೆ ಋತು ದಾಟಿದ್ದು ಮಾತ್ರ.

ಮನೆ 9
ನೆಟ್ಟ ಗಿಡಕ್ಕಿಂತ ನೆಟ್ಟವರ ಫೋಟೋ ಜಾಸ್ತಿ ಬದುಕುತ್ತೆ.

ಮನೆ 14
ಮೇಡಂ, ಇದು ಸರಿಯಾಗಿ ಹೇಳಿದ್ರಿ.

ಅಡ್ಮಿನ್
ಸಾಕು. ಆಕ್ಷೇಪಣೆಯಲ್ಲಿ ಐದು ಮಾತು ಹಾಕೋಣ: ಹೋಲಿಕೆ ತಾಕು, ಬಹುವಾರ್ಷಿಕ ಹೊದಿಕೆ ಮಾತ್ರ ಲೆಕ್ಕ, ಬೇಸಿಗೆಯಲ್ಲೂ ಒಂದು ಅಳತೆ, ಬೋಳು ತುಂಡಿಗೆ ಮಿತಿ, ಒಂದೇ ಜಾತಿ ಇಡೀ ಇಳಿಜಾರು ತುಂಬಿದ್ರೆ ಫೇಲ್. ಕರಡು ಯಾರು ಬರೀತೀರಿ?

ಮೇಲಿನ ಸಾಲು 3
ಬೋಳು ತುಂಡು ಎಷ್ಟು ದೊಡ್ಡದು? 10 ಚದರ ಮೀಟರ್ ಹಾಕಿ.

ಕೊನೇ ಮನೆ
ಇಳಿಜಾರಲ್ಲಿ ಚದರಕ್ಕಿಂತ ಉದ್ದ ಮುಖ್ಯ. ಅಗಲ ಒಂದು ಗೇಣಿದ್ದು ಮೇಲಿಂದ ಕೆಳಗೆ 20 ಮೀಟರ್ ಬೋಳಿದ್ರೆ ಅದೇ ನಾಳಿನ ಕೊರಕಲು.

ಮನೆ 5
ರ್‍ಯಾಂಪ್ ತೆಗೀತೀನಿ, ಆದ್ರೆ ಚಪ್ಪಡಿ ಎಲ್ಲರದ್ದೂ ತೆಗೀಬೇಕು.

ಮನೆ 7
ಒಪ್ಪಿದೆ. ಭಾನುವಾರ ಚರಂಡಿ ಅಳೆದುಬಿಡೋಣ, ಎಷ್ಟು ಉದ್ದ, ಎಷ್ಟು ಚಪ್ಪಡಿ.

ಅಡ್ಮಿನ್
ಆಯ್ತು, ಭಾನುವಾರ ಬೆಳಿಗ್ಗೆ 7, ಚರಂಡಿ. ಸಲಿಕೆ ಇರೋರು ತನ್ನಿ.

ಮನೆ 14
ಆಕ್ಷೇಪಣೆ?

ಮನೆ 22
ಕರಡು ನಾನೇ ಬರೀಬಹುದು, ಆದ್ರೆ ನಮ್ಮದೇ ಒಂದು ಸಾಲಿನ ಅಳತೆ ಲಗತ್ತಿಸದೆ ಕಳಿಸಿದ್ರೆ ನಿಲ್ಲಲ್ಲ. ಆ ಬೋಳು ಪಟ್ಟೆ ಮೇಲೆ ಒಂದು ಸಾಲು ಎಳೀಬೇಕು. 50 ಮೀಟರ್ ಟೇಪ್ ಯಾರ ಹತ್ರ ಇದೆ?

ಮನೆ 7
ನನ್ನ ಹತ್ರ ಇದೆ ಸರ್. ಭಾನುವಾರ ಚರಂಡಿಗೆ ಬೇಕಲ್ಲ.