ಹದಿಮೂರು ತಿಂಗಳಾದರೂ ಮಗಳು ಹೆಜ್ಜೆ ಇಟ್ಟಿಲ್ಲ, ವಾಕರ್ ತರಿಸಬೇಕೇ?

ಪ್ರಶ್ನೆ: ತೋಟದ ಮನೆಯ ಅಮ್ಮ, ತೀರ್ಥಹಳ್ಳಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ ಹದಿಮೂರು ತಿಂಗಳು. ದಿನ ತುಂಬುವುದಕ್ಕೆ ಐದು ವಾರ ಮೊದಲೇ ಹುಟ್ಟಿದವಳು. ಹುಟ್ಟಿದಾಗ 2.1 ಕೆ.ಜಿ. ಇದ್ದಳು, ಈಗ 8.2 ಕೆ.ಜಿ. ಇದ್ದಾಳೆ. ಅವಳು ಅಂಬೆಗಾಲು ಇಡಲೇ ಇಲ್ಲ. ಕುಳಿತಲ್ಲಿಂದಲೇ ಎರಡೂ ಕೈ ಊರಿ, ಸರ್ರನೆ ಸರಿಯುತ್ತಾ ಜಗುಲಿಯಿಂದ ಅಡುಗೆಮನೆಯವರೆಗೆ ಬಂದುಬಿಡುತ್ತಾಳೆ. ಕಂಬ ಹಿಡಿಸಿದರೆ ನಿಲ್ಲುತ್ತಾಳೆ, ಹೆಜ್ಜೆ ಮಾತ್ರ ಕೀಳುವುದಿಲ್ಲ. ವರ್ಷದ ಹುಟ್ಟುಹಬ್ಬಕ್ಕೆ ಬಂದವರೆಲ್ಲ "ಇನ್ನೂ ನಡೆಯುವುದಿಲ್ಲವೇ?" ಎಂದು ಕೇಳಿ ಹೋದ ಮೇಲೆ, ಕುಳ್ಳಿರಿಸಿ ಓಡಾಡಿಸುವ ವಾಕರ್ ತರಿಸಲೇಬೇಕೆಂದು ಅತ್ತೆಯವರು ಹೇಳುತ್ತಿದ್ದಾರೆ.

ಊಟದ ವಿಷಯದಲ್ಲಿ ಹಟ ಹೆಚ್ಚು. ಅನ್ನ ಎರಡು ತುತ್ತಿಗೆ ಮುಗಿಯುತ್ತದೆ. ಆದರೆ ಮನೆಯಲ್ಲೇ ಕರೆಯುವ ಹಸು ಇರುವುದರಿಂದ ದಿನಕ್ಕೆ ಹತ್ತಿರ ಹತ್ತಿರ ಒಂದು ಲೀಟರ್ ಹಾಲು ಕುಡಿಯುತ್ತಾಳೆ, ಅದೊಂದು ಸಮಾಧಾನ. ಇತ್ತೀಚೆಗೆ ತುಳಸಿಕಟ್ಟೆಯ ಮಣ್ಣನ್ನು ಕೆರೆದು ಬಾಯಿಗೆ ಹಾಕಿಕೊಳ್ಳುವುದೂ, ಗೋಡೆಯ ಸುಣ್ಣ ನೆಕ್ಕುವುದೂ ಶುರುವಾಗಿದೆ. ಅದು ಬೇರೆ ಮಾತು. ನನ್ನ ಪ್ರಶ್ನೆ ನಡಿಗೆಯದ್ದು.

ಉತ್ತರ: ಇಬ್ಬರು ಮಕ್ಕಳ ತಾಯಿ, ಧಾರವಾಡ

ನನ್ನ ಎರಡನೆಯ ಮಗನೂ ಹೀಗೆಯೇ ಕುಳಿತು ಸರಿಯುತ್ತಿದ್ದ. ಅವನ ಅಪ್ಪನೂ ಚಿಕ್ಕಂದಿನಲ್ಲಿ ಹಾಗೆಯೇ ಇದ್ದರೆಂದು ನಮ್ಮ ಅತ್ತೆಯವರು ಆಮೇಲೆ ನೆನಪು ಮಾಡಿಕೊಂಡರು. ಇವನು ನಡೆದದ್ದು ಹತ್ತೊಂಬತ್ತನೆಯ ತಿಂಗಳಿನಲ್ಲಿ. ನಿಮ್ಮ ಮನೆಯಲ್ಲೂ ಹಾಗೆ ಸರಿದವರು ಯಾರಾದರೂ ಇದ್ದರೇ ಎಂದು ಒಮ್ಮೆ ವಿಚಾರಿಸಿರಿ.

ವಾಕರ್ ಮಾತ್ರ ಬೇಡ. ನಾವು ತಂದಿದ್ದೆವು. ಹಾಲು ಉಕ್ಕಿತೆಂದು ನಾನು ಒಲೆಯ ಕಡೆ ತಿರುಗಿದಷ್ಟರಲ್ಲಿ ಅದು ಹೊಸ್ತಿಲು ದಾಟಿ ಹಿತ್ತಲಿನ ಮೆಟ್ಟಿಲುಗಳ ಮೇಲೆ ಉರುಳಿ, ಮಗುವಿನ ಹಣೆಗೆ ಮೂರು ಹೊಲಿಗೆ ಬಿದ್ದವು. ಕೆನಡಾ ದೇಶದಲ್ಲಿ 2004ರಿಂದಲೇ ಇದರ ಮಾರಾಟವನ್ನು ನಿಷೇಧಿಸಿದ್ದಾರೆಂದು ತಿಳಿದದ್ದು ಹೊಲಿಗೆ ಬಿಚ್ಚಿಸಿದ ಮೇಲೆ!

ಉತ್ತರ: ನಿವೃತ್ತ ಮಕ್ಕಳ ವೈದ್ಯೆ, ಮೈಸೂರು

ನಡಿಗೆಯ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯು ಬೆಳವಣಿಗೆಯ ಮಾನದಂಡಗಳಿಗಾಗಿ ಭಾರತವೂ ಸೇರಿದಂತೆ ಐದು ದೇಶಗಳ ಮಕ್ಕಳ ನಡಿಗೆಯನ್ನು ಗಮನಿಸಿದ ಅಧ್ಯಯನದಲ್ಲಿ ಆರೋಗ್ಯವಂತ ಮಕ್ಕಳು ತಾವಾಗಿ ನಡೆಯತೊಡಗಿದ ವಯಸ್ಸು 8.2 ತಿಂಗಳಿನಿಂದ 17.6 ತಿಂಗಳಿನವರೆಗೆ ಹರಡಿತ್ತು, ಮತ್ತು ನೂರರಲ್ಲಿ ನಾಲ್ಕರಷ್ಟು ಮಕ್ಕಳು ಅಂಬೆಗಾಲು ಇಡದೆಯೇ ಮುಂದಿನ ಹಂತಕ್ಕೆ ಹೋಗಿದ್ದರು. ನಿಮ್ಮ ಮಗಳು ಐದು ವಾರ ಮೊದಲೇ ಹುಟ್ಟಿದ್ದರಿಂದ, ಎರಡು ವರ್ಷ ತುಂಬುವವರೆಗೆ ಅಷ್ಟನ್ನು ಕಳೆದು ಲೆಕ್ಕ ಹಾಕಬೇಕು. ಆ ಲೆಕ್ಕದಲ್ಲಿ ಅವಳಿಗೆ ಈಗಷ್ಟೇ ಹನ್ನೆರಡು ತಿಂಗಳು. ತೂಕವೂ ಆ ವಯಸ್ಸಿನ ಹೆಣ್ಣುಮಕ್ಕಳ ಮಧ್ಯದ ಅಳತೆಯಾದ 8.9 ಕೆ.ಜಿ.ಗಿಂತ ಸ್ವಲ್ಪ ಕಡಿಮೆ ಇದೆಯೇ ಹೊರತು ಅಪಾಯದ ಮಟ್ಟದಲ್ಲಿಲ್ಲ. ಎರಡೂ ಕೈಗಳನ್ನು ಸಮನಾಗಿ ಬಳಸುತ್ತಾಳೆಯೇ, ಹೆಸರು ಕರೆದರೆ ತಿರುಗುತ್ತಾಳೆಯೇ, ಟಾಟಾ ಮಾಡುತ್ತಾಳೆಯೇ, ತೊದಲುತ್ತಾಳೆಯೇ ಎಂಬುದನ್ನು ಗಮನಿಸಿರಿ. ಹದಿನೆಂಟು ತಿಂಗಳಾದರೂ ನಡೆಯದಿದ್ದರೆ ತೋರಿಸಬೇಕು. ಬಂದ ವಿದ್ಯೆ ಮರೆತುಹೋದರೆ ಯಾವ ವಯಸ್ಸಿನಲ್ಲೇ ಆಗಲಿ ತಡಮಾಡಬಾರದು.

ಆದರೆ ನೀವು "ಅದು ಬೇರೆ ಮಾತು" ಎಂದು ಬದಿಗಿಟ್ಟದ್ದೇ ನನಗೆ ಮುಖ್ಯವಾಗಿ ಕಂಡಿತು. ಈ ವಯಸ್ಸಿನ ಮಕ್ಕಳು ಕೈಗೆ ಸಿಕ್ಕಿದ್ದೆಲ್ಲವನ್ನೂ ಬಾಯಿಗೆ ಹಾಕಿಕೊಳ್ಳುತ್ತಾರೆ, ನಿಜ. ಆದರೆ ಹುಡುಕಿಕೊಂಡು ಹೋಗಿ ಮಣ್ಣನ್ನೂ ಸುಣ್ಣವನ್ನೂ ತಿನ್ನುವ ಮಗುವಿಗೆ ಕಬ್ಬಿಣದ ಅಂಶ ಕಡಿಮೆಯಾಗಿರಬಹುದೆಂದು ನಾವು ಮೊದಲು ಅನುಮಾನಿಸುತ್ತೇವೆ. ತಾಯಿಯಿಂದ ಮಗುವಿಗೆ ಕಬ್ಬಿಣ ಹೆಚ್ಚಾಗಿ ಸೇರುವುದು ಗರ್ಭದ ಕೊನೆಯ ಮೂರು ತಿಂಗಳುಗಳಲ್ಲಿ. ಬೇಗ ಹುಟ್ಟಿದ ಮಗು ಆ ದಾಸ್ತಾನಿನಲ್ಲಿ ಒಂದು ಪಾಲನ್ನು ಬಿಟ್ಟೇ ಬಂದಿರುತ್ತದೆ. ಹಸುವಿನ ಹಾಲಿನ ಒಂದು ಲೀಟರಿನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇರುವುದಿಲ್ಲ, ಅದರಲ್ಲಿರುವ ಕ್ಯಾಲ್ಸಿಯಂ ಬೇರೆ ಆಹಾರದ ಕಬ್ಬಿಣವೂ ಮೈಗೆ ಹತ್ತದಂತೆ ಮಾಡುತ್ತದೆ, ಅದಕ್ಕಿಂತ ಹೆಚ್ಚಾಗಿ ಹೊಟ್ಟೆ ತುಂಬಿಸಿ ಅನ್ನಕ್ಕೆ ಜಾಗವನ್ನೇ ಉಳಿಸುವುದಿಲ್ಲ. ಅವಳದು ಹಟವಲ್ಲ, ಅವಳಿಗೆ ಹಸಿವಿಲ್ಲ. ಹಾಲನ್ನು ದಿನಕ್ಕೆ ಅರ್ಧ ಲೀಟರಿಗಿಂತ ಕಡಿಮೆ ಮಾಡಿ, ಅದನ್ನೂ ಊಟವಾದ ಮೇಲೆ, ಬಾಟಲಿಯ ಬದಲು ಲೋಟದಲ್ಲಿ ಕೊಡಿರಿ. ರಕ್ತಪರೀಕ್ಷೆ ಮಾಡಿಸಿರಿ. ಹುಟ್ಟಿದಾಗ ಕಬ್ಬಿಣದ ಹನಿ ಬರೆದುಕೊಟ್ಟಿದ್ದರೇ?

ಉತ್ತರ: ಅಜ್ಜಿ, ಸಾಗರ

ವೈದ್ಯರು ಹೇಳಿದ ಮೇಲೆ ನಾನು ಊಟದ ವಿಷಯ ಮಾತ್ರ ಸೇರಿಸುತ್ತೇನೆ. ರಾಗಿ ಮಣ್ಣಿ ಒಳ್ಳೆಯದೇ, ಆದರೆ ಅದೊಂದನ್ನೇ ನಂಬಿ ಕೂರಬೇಡಿ. ಹೆಸರುಬೇಳೆಯ ಜೊತೆ ಹರಿವೆಸೊಪ್ಪನ್ನು ಮೆತ್ತಗೆ ಬೇಯಿಸಿ, ಅನ್ನದೊಂದಿಗೆ ಕಿವುಚಿ, ಒಂದು ಚಮಚ ತುಪ್ಪ ಹಾಕಿ, ಬಾಯಿಗಿಡುವ ಮುನ್ನ ನಾಲ್ಕು ಹನಿ ನಿಂಬೆರಸ ಹಿಂಡಬೇಕು. ಹುಳಿ ಸೇರಿದರೆ ಸೊಪ್ಪಿನ ಕಬ್ಬಿಣ ಮೈಗೆ ಹತ್ತುತ್ತದೆ. ಮನೆಯಲ್ಲಿ ಮೊಟ್ಟೆ ತಿನ್ನುವವರಾದರೆ ಅದೂ ಆಗಬಹುದು. ಮಗುವಿಗೆ ತಿನ್ನಿಸುವುದಕ್ಕಿಂತ ತಟ್ಟೆಯನ್ನು ಅವಳ ಮುಂದಿಟ್ಟುಬಿಡಿ. ಅರ್ಧ ನೆಲಕ್ಕೆ ಹೋದರೂ ಹೋಗಲಿ.

ಇನ್ನೊಂದು ಮಾತು. ಸರಿದಾಡುವ ಮಗುವಿಗೆ ಜಗುಲಿಯೇ ಅಂಗಡಿ. ಅಡಿಕೆ ಸುಲಿಯುವ ದಿನಗಳಲ್ಲಿ ನೆಲದ ಮೇಲೆ ಒಂದು ಚೂರು ಉಳಿದರೂ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಇಡೀ ಶೇಂಗಾಬೀಜವನ್ನೂ ಕೈಗೆ ಕೊಡಬೇಡಿ. ನಡೆಯಲು ಏನಾದರೂ ಬೇಕೇ ಬೇಕು ಎಂದರೆ ಆಚಾರಿಯಿಂದ ಮರದ ತಳ್ಳುಗಾಡಿ ಮಾಡಿಸಿ. ನಿಂತು ತಳ್ಳಬೇಕಾದ್ದರಿಂದ ತನ್ನ ಕಾಲ ಮೇಲೆ ತಾನೇ ಭಾರ ಹಾಕಬೇಕಾಗುತ್ತದೆ.

ಪ್ರಶ್ನೆ ಕೇಳಿದವರು, ಮೂರು ವಾರಗಳ ನಂತರ

ರಕ್ತಪರೀಕ್ಷೆ ಮಾಡಿಸಿದೆವು. ಹಿಮೋಗ್ಲೋಬಿನ್ 8.4 ಮಾತ್ರ ಬಂತು, ಕಡಿಮೆಯೇ. ಹನಿ ಬರೆದುಕೊಟ್ಟಿದ್ದರು, ಎರಡು ಸಲ ವಾಂತಿ ಮಾಡಿಕೊಂಡಳೆಂದು ನಾನೇ ನಿಲ್ಲಿಸಿದ್ದೆ. ಈಗ ಮತ್ತೆ ಕೊಡುತ್ತಿದ್ದೇನೆ. ಹಾಲು ಕಡಿಮೆ ಮಾಡಿದ ಮೊದಲ ನಾಲ್ಕು ದಿನ ಮನೆಯವರೆಲ್ಲರಿಗೂ ಅವಳ ಅಳು ಕೇಳಿ ಸಾಕಾಯಿತು, ಅತ್ತೆಯವರು ನನ್ನೊಡನೆ ಮಾತು ಬಿಟ್ಟಿದ್ದರು. ಐದನೆಯ ದಿನ ಅವರ ಕೈಯಿಂದಲೇ ಒಂದು ಬಟ್ಟಲು ಅನ್ನ ಉಂಡಳು. ಹೆಜ್ಜೆ ಇನ್ನೂ ಇಟ್ಟಿಲ್ಲ, ಆದರೆ ಮೊನ್ನೆ ಹಂಡೆಯ ಕಟ್ಟೆ ಹಿಡಿದು ತಾನಾಗಿಯೇ ಎದ್ದು ನಿಂತಳು. ಹನಿ ಕೊಟ್ಟ ಮೇಲೆ ಮಲ ಕಪ್ಪಗಾಗುತ್ತಿದೆ, ಇದಕ್ಕೆ ಹೆದರಬೇಕೇ?

ಉತ್ತರ: ನಿವೃತ್ತ ಮಕ್ಕಳ ವೈದ್ಯೆ, ಮೈಸೂರು

ಬೇಡ, ಕಬ್ಬಿಣದ ಔಷಧಿ ಕುಡಿಯುವ ಮಕ್ಕಳಲ್ಲಿ ಅದು ಸಹಜ. ಹಲ್ಲಿಗೆ ಕಲೆಯಾಗದಂತೆ ಹನಿಯನ್ನು ನಾಲಿಗೆಯ ಹಿಂಭಾಗಕ್ಕೆ ಬಿಡಿರಿ, ಹಾಲಿನ ಜೊತೆ ಮಾತ್ರ ಕೊಡಬೇಡಿರಿ. ರಕ್ತ ಸರಿಹೋದ ಮೇಲೂ ದಾಸ್ತಾನು ತುಂಬುವುದಕ್ಕೆ ಕೆಲವು ತಿಂಗಳು ಬೇಕಾಗುತ್ತದೆ. ವೈದ್ಯರು ಹೇಳುವವರೆಗೆ ಈ ಸಲ ನಿಲ್ಲಿಸಬೇಡಿರಿ.